ಬಿಪಿ ಮಾತ್ರೆ ಕೊಲೆಸ್ಟ್ರಾಲ್ ಏರಿಸುತ್ತದಾ?

(ಹಿರಿಯ ನಾಗರಿಕರ ಬಳಗವೊಂದರಲ್ಲಿ ವೈದ್ಯರೊಬ್ಬರು ಆಡಿದ ಮಾತು. ರೆಕಾರ್ಡಿಂಗ್ ಕೇಳಿಸಿಕೊಂಡು ಬರೆದದ್ದು.)

ಬರುವಾಗ ನಿಮ್ಮ ನಿಮ್ಮ ಮಾತ್ರೆ ಸ್ಟ್ರಿಪ್ ತನ್ನಿ ಅಂತ ಹೇಳಿ ಕಳಿಸಿದ್ದೆ. ಕೆಲವರ ಕೈಯಲ್ಲಿ ಕಾಣಿಸುತ್ತಿದೆ. ಇರಲಿ, ಹಾಗೇ ಇಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತದೆ. ಮೊದಲು ಒಬ್ಬ ಮೇಷ್ಟ್ರ ಕಥೆ ಹೇಳಿಬಿಡುತ್ತೇನೆ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಬಿಪಿಗೆ ಅಟೆನಾಲಾಲ್ 50, ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ ತಗೊಳ್ಳುತ್ತಿದ್ದರು. ಎಷ್ಟೋ ವರ್ಷದಿಂದ ಅದೇ ಮಾತ್ರೆ, ಬಿಪಿಯೂ ಸರಿಯಾಗಿತ್ತು. ಒಂದು ದಿನ ಬೆಳಗ್ಗೆ ಎಂಟಕ್ಕೇ ಮನೆ ಬಾಗಿಲಿಗೆ ಬಂದರು. ಎದೆ ಡವಡವ ಅಂತಿದೆ, ಕೈ ಸಣ್ಣಗೆ ನಡುಗುತ್ತಿದೆ, ಮುಖ ಬೆವರಿದೆ. ಬಿಪಿ ನೋಡಿದರೆ 190, ಕೆಳಗಿನದು 110. "ಮಾತ್ರೆ ಏನಾದ್ರೂ ಬಿಟ್ರಾ ಮೇಷ್ಟ್ರೇ?" ಅಂದೆ. ಬಿಟ್ಟು ಆರು ದಿನ ಆಗಿತ್ತಂತೆ. ಯಾಕೆ ಅಂದರೆ, ಅಳಿಯ ಫೋನಿನಲ್ಲಿ ಏನೋ ಓದಿ ಹೇಳಿದ್ದಾನೆ: "ಮಾವ, ನಿಮ್ಮ ಕೊಲೆಸ್ಟ್ರಾಲ್ ಏರಿಸ್ತಿರೋದೇ ಈ ಬಿಪಿ ಮಾತ್ರೆ."

ಅಳಿಯ ಹೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭ ಇತ್ತು. ಸುಳ್ಳಲ್ಲ. ಅವರು ತಗೊಳ್ಳುತ್ತಿದ್ದ ಎರಡೂ ಮಾತ್ರೆಗೆ ರಕ್ತದ ಕೊಬ್ಬನ್ನು ಒಂಚೂರು ಆಚೀಚೆ ಮಾಡುವ ಗುಣ ಇದೆ. ಆದರೆ ಎಷ್ಟು ಆಚೀಚೆ, ಅದರಿಂದ ನಿಜವಾಗಿ ಹೃದಯಕ್ಕೆ ಏನಾಗುತ್ತದೆ ಅನ್ನೋದನ್ನು ಅಳಿಯ ಓದಿರಲಿಲ್ಲ. ಇವತ್ತಿನ ಮಾತೆಲ್ಲ ಆ ಓದದೆ ಬಿಟ್ಟ ಭಾಗದ್ದು.

ನಾವು ಮನೆಯಲ್ಲಿ "ಬಿಪಿ ಮಾತ್ರೆ" ಅಂತ ಒಂದೇ ಹೆಸರಲ್ಲಿ ಕರೀತೀವಿ, ಅಲ್ವಾ? ಅದು "ಪಲ್ಯ" ಅಂದ ಹಾಗೆ. ಯಾವ ಪಲ್ಯ? ಬದನೆಕಾಯಿಯದೋ ಬೀನ್ಸಿನದೋ? ಬಿಪಿ ಮಾತ್ರೆಗಳಲ್ಲಿ ಐದಾರು ಕುಲಗಳಿವೆ. ಒಂದು ಕುಲ ಉಪ್ಪು, ನೀರನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಅದನ್ನು ನಾವು ನೀರಿನ ಮಾತ್ರೆ ಅನ್ನುತ್ತೇವೆ. ಇನ್ನೊಂದು ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ, ಬೀಟಾ ಬ್ಲಾಕರ್. ಮೇಷ್ಟ್ರ ಅಟೆನಾಲಾಲ್ ಈ ಕುಲದ್ದು. ಅಮ್ಲೋಡಿಪಿನ್ ಥರದವು ರಕ್ತನಾಳದ ಗೋಡೆಯನ್ನು ಸಡಿಲ ಮಾಡುತ್ತವೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್, ಇವು ಮೂತ್ರಪಿಂಡದಿಂದ ಶುರುವಾಗುವ ಒಂದು ಹಾರ್ಮೋನ್ ಸರಪಣಿಯನ್ನು ತಡೆಯುತ್ತವೆ. ಕೊನೆಗೆ ಪ್ರಜೋಸಿನ್, ಡಾಕ್ಸಜೋಸಿನ್ ಥರದ ಆಲ್ಫಾ ಬ್ಲಾಕರ್‌ಗಳು. ಕೊಲೆಸ್ಟ್ರಾಲ್ ವಿಷಯದಲ್ಲಿ ಇವು ಒಂದರ ಹಾಗೆ ಇನ್ನೊಂದಿಲ್ಲ.

ಈಗ ಸ್ಟ್ರಿಪ್ ನೋಡಿ. ಮಾತ್ರೆಯ ಹೆಸರಿನ ಹಿಂದೆ ಒಂದು ಬಾಲ ಇರುತ್ತದೆ. ಎಚ್ ಅಂತ ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ ಅಂತ ಅರ್ಥ. ಸಿಟಿ ಅಂದರೆ ಕ್ಲೋರ್‌ಥಾಲಿಡೋನ್. ಎರಡೂ ನೀರಿನ ಮಾತ್ರೆಗಳೇ. ಎಎಂ ಅಂದರೆ ಅಮ್ಲೋಡಿಪಿನ್. ಎಟಿ ಅಂತಿದ್ದರೆ ಅಟೆನಾಲಾಲ್ ಇರಬಹುದು. ಬಾಲ ನೋಡಿ ಅಂದಾಜು ಮಾಡಬಹುದು ಅಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಪೂರ್ತಿ ಬರೆದಿರುತ್ತಾರೆ, ಅದನ್ನು ಮೊಮ್ಮಕ್ಕಳ ಹತ್ತಿರ ಓದಿಸಿ. ಎಷ್ಟೋ ಜನಕ್ಕೆ ತಾವು ತಿನ್ನುತ್ತಿರೋ ಒಂದು ಮಾತ್ರೆಯಲ್ಲಿ ಎರಡು ಮೂರು ಔಷಧ ಇದೆ ಅನ್ನೋದೇ ಗೊತ್ತಿರುವುದಿಲ್ಲ.

ಮೇಷ್ಟ್ರ ಕಥೆಗೆ ವಾಪಸ್ ಬರೋಣ. ಅವತ್ತು ಅಟೆನಾಲಾಲ್ ಮತ್ತೆ ಶುರು ಮಾಡಿ, ಇಸಿಜಿ ತೆಗೆದು, ಮಧ್ಯಾಹ್ನದವರೆಗೆ ಕೂರಿಸಿಕೊಂಡೆ. ಬೀಟಾ ಬ್ಲಾಕರ್ ಅನ್ನು ಒಮ್ಮೆಲೇ ನಿಲ್ಲಿಸಬಾರದು, ಇದನ್ನು ದಯವಿಟ್ಟು ನೆನಪಿಡಿ. ಅಷ್ಟು ದಿನ ಅದುಮಿಟ್ಟಿದ್ದ ಬಡಿತ ಎಲ್ಲ ಒಟ್ಟಿಗೆ ಚಿಮ್ಮುತ್ತದೆ. ಹೃದಯದ ರಕ್ತನಾಳದಲ್ಲಿ ಮೊದಲೇ ಅಡೆತಡೆ ಇರುವವರಿಗೆ ಅದರಿಂದ ಹೃದಯಾಘಾತವೇ ಆಗಬಹುದು. ಕೊಲೆಸ್ಟ್ರಾಲ್ ಒಂಚೂರು ಏರಿದ್ದಕ್ಕೆ ಹೆದರಿ ಮಾತ್ರೆ ಬಿಟ್ಟು, ಆರೇ ದಿನದಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಅಪಾಯ ತಂದುಕೊಂಡಿದ್ದರು.

ಸರಿ, ಅವರ ರಿಪೋರ್ಟ್ ನೋಡಿದೆ. ಒಟ್ಟು ಕೊಲೆಸ್ಟ್ರಾಲ್ 212, ಎಚ್‌ಡಿಎಲ್ ಅನ್ನುವ ಒಳ್ಳೆಯ ಕೊಲೆಸ್ಟ್ರಾಲ್ 34, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 262, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 126. ಎಲ್ಲ ಮಿಲಿಗ್ರಾಂ ಲೆಕ್ಕ. "ಮೇಷ್ಟ್ರೇ, ಈ ಎಲ್‌ಡಿಎಲ್ ಇದೆಯಲ್ಲ, ಇದನ್ನು ಲ್ಯಾಬಿನವರು ಅಳೆದಿಲ್ಲ, ಲೆಕ್ಕ ಹಾಕಿದ್ದಾರೆ" ಅಂದೆ. ಗಣಿತದ ಮೇಷ್ಟ್ರಲ್ವಾ, ಕನ್ನಡಕ ಸರಿ ಮಾಡಿಕೊಂಡು ಕೂತರು. 1972ರಲ್ಲಿ ಫ್ರೀಡ್‌ವಾಲ್ಡ್ ಅನ್ನುವವರು ಕೊಟ್ಟ ಸೂತ್ರ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಿರಿ, ಉಳಿದದ್ದು ಎಲ್‌ಡಿಎಲ್. 212ರಿಂದ 34 ಹೋದರೆ 178, ಅದರಿಂದ 52 ಹೋದರೆ 126. ಈಗಲೂ ಬಹಳಷ್ಟು ಲ್ಯಾಬ್‌ಗಳಲ್ಲಿ ಹೀಗೇ ಮಾಡುತ್ತಾರೆ. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬೋ ಹಾಗಿಲ್ಲ.

ಆಮೇಲೆ ಕೇಳಿದರೆ, ರಕ್ತ ಕೊಟ್ಟಿದ್ದು ಮೊಮ್ಮಗಳ ನಾಮಕರಣದ ಮಾರನೇ ದಿನ. ಹಿಂದಿನ ರಾತ್ರಿ ಹೋಳಿಗೆ, ತುಪ್ಪ, ಆಂಬೊಡೆ ಎಲ್ಲ ಆಗಿದೆ, ಮಲಗಿದ್ದು ಹನ್ನೊಂದೂವರೆಗೆ, ಬೆಳಗ್ಗೆ ಏಳಕ್ಕೆ ಲ್ಯಾಬಿನಲ್ಲಿ. ಮಾತ್ರೆ ಮತ್ತೆ ಶುರು ಮಾಡಿ ಮೂರು ವಾರ ಆದ ಮೇಲೆ, ಸರಿಯಾಗಿ ಹನ್ನೆರಡು ಗಂಟೆ ಉಪವಾಸ ಇರಿಸಿ, ಅದೇ ಲ್ಯಾಬಿಗೆ ಕಳಿಸಿದೆ. ಒಟ್ಟು 204, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 186. ಎಲ್ಲಾ ಸುಧಾರಿಸಿದೆ. ಎಲ್‌ಡಿಎಲ್ ಎಷ್ಟು? 131! ಐದು ಏರಿದೆ. ಮೇಷ್ಟ್ರು ನಕ್ಕರು. ಕಳೆಯಬೇಕಾದ ಸಂಖ್ಯೆ ಚಿಕ್ಕದಾಯಿತು, ಉತ್ತರ ದೊಡ್ಡದಾಯಿತು.

ಇದನ್ನು ಇಷ್ಟು ಎಳೆದು ಯಾಕೆ ಹೇಳಿದೆ ಅಂದರೆ, ಯಾವ ಔಷಧವನ್ನೂ ಮುಟ್ಟದೇ ಇದ್ದರೂ ನಿಮ್ಮ ಕೊಲೆಸ್ಟ್ರಾಲ್ ಇವತ್ತಿಗೂ ನಾಳೆಗೂ ನೂರಕ್ಕೆ ಐದಾರು ಭಾಗ ಆಚೀಚೆ ಆಗುತ್ತದೆ. ಟ್ರೈಗ್ಲಿಸರೈಡ್ ಅಂತೂ ಇಪ್ಪತ್ತು ಭಾಗ ಕುಣಿದರೂ ಆಶ್ಚರ್ಯ ಇಲ್ಲ. ಬಿಪಿ ಮಾತ್ರೆಯಿಂದ ಆಗುವ ಏರಿಳಿತವೂ ಬಹಳ ಸಲ ಈ ಅಳತೆಯದೇ. ಒಂದು ರಿಪೋರ್ಟ್ ಹಿಡಿದುಕೊಂಡು ಇದು ಮಾತ್ರೆಯ ಕೆಲಸ, ಇದು ಹೋಳಿಗೆಯ ಕೆಲಸ ಅಂತ ಯಾರಿಗೂ ಹೇಳೋಕಾಗಲ್ಲ. ನನಗೂ ಆಗಲ್ಲ.

ನೀರಿನ ಮಾತ್ರೆಯಿಂದ ಶುರು ಮಾಡೋಣ. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಮೊದಲ ಕೆಲವು ತಿಂಗಳು ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ ನೂರಕ್ಕೆ ಐದರಿಂದ ಏಳು ಭಾಗ ಏರುತ್ತವೆ, ಟ್ರೈಗ್ಲಿಸರೈಡೂ ಏರುತ್ತದೆ. ಎಚ್‌ಡಿಎಲ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮೂತ್ರದಲ್ಲಿ ಪೊಟ್ಯಾಸಿಯಂ ಹೋಗುತ್ತದೆ, ಇನ್ಸುಲಿನ್ ಕೆಲಸ ಸ್ವಲ್ಪ ಮಂಕಾಗುತ್ತದೆ, ಲಿವರ್ ಜಾಸ್ತಿ ಕೊಬ್ಬನ್ನು ರಕ್ತಕ್ಕೆ ಬಿಡುತ್ತದೆ. ಈಗ ನಾವು ಬರೆಯೋದು 12.5 ಮಿಲಿಗ್ರಾಂ, ಕೆಲವರಿಗೆ 25. ಆ ಪ್ರಮಾಣದಲ್ಲಿ ಬದಲಾವಣೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಅದೇ ಕುಟುಂಬದ ಹತ್ತಿರದವನಾದ ಇಂಡಪಮೈಡ್ ಕೊಲೆಸ್ಟ್ರಾಲಿನ ಗೊಡವೆಗೇ ಹೋಗುವುದಿಲ್ಲ.

ಹಾಗಾದರೆ ಇಷ್ಟು ದೊಡ್ಡ ಹೆದರಿಕೆ ಎಲ್ಲಿಂದ ಬಂತು? ಅದಕ್ಕೊಂದು ಇತಿಹಾಸ ಇದೆ, ನನಗೆ ಇಷ್ಟವಾದ ಭಾಗ, ಸ್ವಲ್ಪ ಸಹಿಸಿಕೊಳ್ಳಿ.

1950ಕ್ಕೆ ಮುಂಚೆ ಬಿಪಿಗೆ ಸರಿಯಾದ ಮಾತ್ರೆಯೇ ಇರಲಿಲ್ಲ. ಅಮೆರಿಕದಲ್ಲಿ ಕೆಂಪ್ನರ್ ಅನ್ನುವ ಡಾಕ್ಟರು ರೋಗಿಗಳಿಗೆ ಬರೀ ಅನ್ನ, ಹಣ್ಣು, ಸಕ್ಕರೆ ಕೊಟ್ಟು ಕೂರಿಸುತ್ತಿದ್ದರು. ಉಪ್ಪಿಲ್ಲದ ಅನ್ನ ನೆನೆಸಿಕೊಳ್ಳಿ, ತಿಂಗಳುಗಟ್ಟಲೆ. ನಮ್ಮಲ್ಲಿ ಸರ್ಪಗಂಧದ ಬೇರು ಇತ್ತು. ಬೊಂಬಾಯಿಯ ರುಸ್ತುಂ ಜಾಲ್ ವಕೀಲ್ ಅನ್ನುವ ಹೃದಯತಜ್ಞರು ಅದರ ಅನುಭವವನ್ನು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದ ಮೇಲೆ ಜಗತ್ತು ಕಣ್ಣು ತೆರೆದು ನೋಡಿತು. ಅದರಿಂದಲೇ ರಿಸರ್ಪಿನ್ ಬಂತು. ನನ್ನ ತಾತನ ಕಾಲದವರು ಅದನ್ನು ತಗೊಂಡವರೇ. ಬಿಪಿ ಇಳಿಯುತ್ತಿತ್ತು, ಕೆಲವರಿಗೆ ಮನಸ್ಸೂ ಕುಗ್ಗುತ್ತಿತ್ತು, ಅದು ಬೇರೆ ಕಥೆ. 1958ರ ಹೊತ್ತಿಗೆ ಮೊದಲ ಥಯಾಜೈಡ್ ನೀರಿನ ಮಾತ್ರೆ ಬಂತು. ಅರವತ್ತರ ದಶಕದಲ್ಲಿ ಜೇಮ್ಸ್ ಬ್ಲಾಕ್ ಪ್ರೊಪ್ರನಲಾಲ್ ಅನ್ನುವ ಬೀಟಾ ಬ್ಲಾಕರ್ ಕಂಡುಹಿಡಿದರು. ಅದಕ್ಕೂ ಇನ್ನೊಂದು ಔಷಧಕ್ಕೂ ಸೇರಿ 1988ರಲ್ಲಿ ನೊಬೆಲ್ ಕೊಟ್ಟರು.

ಎಷ್ಟೋ ವರ್ಷ ಹೆಚ್ಚಾಗಿ ಈ ಎರಡು ಕುಲದ ಮಾತ್ರೆಗಳದ್ದೇ ಕಾರುಬಾರು. 1990ರಲ್ಲಿ ಅಲ್ಲಿಯವರೆಗಿನ 14 ಪ್ರಯೋಗಗಳನ್ನು, ಸುಮಾರು 37,000 ಜನರ ಲೆಕ್ಕವನ್ನು, ಒಟ್ಟುಗೂಡಿಸಿ ನೋಡಿದರು. ಪಾರ್ಶ್ವವಾಯು ನೂರಕ್ಕೆ 42 ಭಾಗ ಕಡಿಮೆಯಾಗಿತ್ತು. ಅಷ್ಟು ಬಿಪಿ ಇಳಿದರೆ ಎಷ್ಟು ಆಗಬೇಕಿತ್ತೋ ಅಷ್ಟೇ. ಆದರೆ ಹೃದಯದ ರಕ್ತನಾಳದ ಕಾಯಿಲೆ? ಇಪ್ಪತ್ತು ಇಪ್ಪತ್ತೈದು ಭಾಗ ಇಳಿಯಬೇಕಿತ್ತು, ಇಳಿದದ್ದು 14. ಮಿಕ್ಕಿದ್ದು ಎಲ್ಲಿ ಹೋಯಿತು? ಅನುಮಾನ ನೇರ ಕೊಲೆಸ್ಟ್ರಾಲ್ ಮೇಲೆ ಬಂತು. ಬಿಪಿ ಇಳಿಸಿ ಒಂದು ಕೈಯಲ್ಲಿ ಕೊಟ್ಟಿದ್ದನ್ನು, ಕೊಬ್ಬು ಏರಿಸಿ ಇನ್ನೊಂದು ಕೈಯಲ್ಲಿ ಈ ಮಾತ್ರೆಗಳು ಕಿತ್ತುಕೊಳ್ಳುತ್ತಿವೆ ಅಂತ. ಹೊಸ ಮಾತ್ರೆ ಮಾರುವ ಕಂಪನಿಗಳಿಗೂ ಈ ಮಾತು ಬಹಳ ರುಚಿಸಿತು. ಎಂಬತ್ತು ತೊಂಬತ್ತರ ದಶಕದಲ್ಲಿ ನಮ್ಮ ಹತ್ತಿರ ಬರುತ್ತಿದ್ದ ಮೆಡಿಕಲ್ ರೆಪ್‌ಗಳ ಬಾಯಲ್ಲಿ ಇದೇ ಮಂತ್ರ.

ಆದರೆ ಆ ಹಳೆಯ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣ ನೋಡಿ. 1985ರ ಬ್ರಿಟನ್ನಿನ ದೊಡ್ಡ ಪ್ರಯೋಗದಲ್ಲಿ ಬೆಂಡ್ರೋಫ್ಲುಅಜೈಡ್ ಅನ್ನುವ ನೀರಿನ ಮಾತ್ರೆ ದಿನಕ್ಕೆ 10 ಮಿಲಿಗ್ರಾಂ ಕೊಟ್ಟಿದ್ದರು. ಆಮೇಲೆ ಅಲ್ಲಿ ಅದೇ ಮಾತ್ರೆಯನ್ನು ಎರಡೂವರೆ ಕೊಡುವುದು ರೂಢಿಯಾಯಿತು. ನಾಲ್ಕು ಪಟ್ಟು! ಅನ್ನಕ್ಕೆ ನಾಲ್ಕು ಪಟ್ಟು ಉಪ್ಪು ಹಾಕಿ ಅಕ್ಕಿ ಸರಿಯಿಲ್ಲ ಅಂದ ಹಾಗಾಯಿತು. 1991ರಲ್ಲಿ ಶೆಪ್ ಅನ್ನುವ ಅಮೆರಿಕದ ಪ್ರಯೋಗದ ಫಲಿತಾಂಶ ಬಂತು. ಅರವತ್ತು ದಾಟಿದ 4,736 ಜನ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನವರು. ಕ್ಲೋರ್‌ಥಾಲಿಡೋನ್ 12.5ರಿಂದ ಶುರು ಮಾಡಿ, ಬೇಕಾದರೆ 25. ಪಾರ್ಶ್ವವಾಯು 36 ಭಾಗ ಇಳಿಯಿತು, ಹೃದಯಾಘಾತ ಮತ್ತು ಅದರ ಸಾವು 27 ಭಾಗ. ಕಳೆದುಹೋಗಿತ್ತು ಅಂದುಕೊಂಡದ್ದು ಅಲ್ಲಿ ಸಿಕ್ಕಿತು.

ಇನ್ನು ಬೀಟಾ ಬ್ಲಾಕರ್. ಇದು ಎಲ್‌ಡಿಎಲ್ ಮುಟ್ಟೋದು ಕಡಿಮೆ. ಇದರ ಕೈಚಳಕ ಎಲ್ಲ ಟ್ರೈಗ್ಲಿಸರೈಡ್ ಮತ್ತು ಎಚ್‌ಡಿಎಲ್ ಮೇಲೆ. ಹೇಗೆ ಅಂತ ಹೇಳುತ್ತೇನೆ. ಎಪಿಎಂಸಿ ಯಾರ್ಡ್ ನೆನೆಸಿಕೊಳ್ಳಿ. ಲಿವರ್‌ನಿಂದ ಕೊಬ್ಬಿನ ಮೂಟೆ ಹೊತ್ತ ಲಾರಿಗಳು ಬರುತ್ತವೆ. ಆ ಮೂಟೆಯೇ ಟ್ರೈಗ್ಲಿಸರೈಡ್. ರಕ್ತನಾಳದ ಗೋಡೆಯಲ್ಲಿ ಒಂದು ಕಿಣ್ವ ಇದೆ, ಅದು ಹಮಾಲಿ. ಲಾರಿಯಿಂದ ಮೂಟೆ ಇಳಿಸಿ ಸ್ನಾಯುಗಳಿಗೆ ಕೊಡುವುದು ಅದರ ಕೆಲಸ. ಬೀಟಾ ಬ್ಲಾಕರ್ ಈ ಹಮಾಲಿಯ ಕೈ ನಿಧಾನ ಮಾಡುತ್ತದೆ. ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಏರುತ್ತದೆ. ಲಾರಿ ಖಾಲಿಯಾದ ಮೇಲೆ ಬಿಚ್ಚಿದ ಸಾಮಾನುಗಳಿಂದ ಎಚ್‌ಡಿಎಲ್‌ಗೆ ಒಂದಷ್ಟು ಸರಕು ಸಿಗುತ್ತಿತ್ತು, ಅದೂ ಕಡಿಮೆಯಾಗುತ್ತದೆ. ಪ್ರೊಪ್ರನಲಾಲ್, ಅಟೆನಾಲಾಲ್, ಮೆಟೊಪ್ರಲಾಲ್‌ಗಳಲ್ಲಿ ಎಚ್‌ಡಿಎಲ್ ಸುಮಾರು ಹತ್ತು ಭಾಗ ಇಳಿಯಬಹುದು. 40 ಇದ್ದದ್ದು 36. ಟ್ರೈಗ್ಲಿಸರೈಡ್ ಅದಕ್ಕಿಂತ ಜಾಸ್ತಿಯೇ ಏರಬಹುದು. ಕಾರ್ವೆಡಿಲಾಲ್, ನೆಬಿವೊಲಾಲ್ ಇಷ್ಟು ತೊಂದರೆ ಕೊಡುವುದಿಲ್ಲ.

ನಮಗೆ ಇದು ಯಾಕೆ ಸ್ವಲ್ಪ ಜಾಸ್ತಿ ಮುಖ್ಯ ಅಂದರೆ, ನಮ್ಮ ದೇಶದವರ ರಕ್ತದ ಜಾತಕವೇ ಹಾಗಿದೆ. ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಮೊದಲ ಹಂತದಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರ ರಕ್ತ ನೋಡಿದ್ದರು. ನೂರಕ್ಕೆ 72 ಜನರಿಗೆ ಎಚ್‌ಡಿಎಲ್ ಕಡಿಮೆ. ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು 14 ಜನ ಅಷ್ಟೇ. ಅಂದರೆ ನಮ್ಮ ಕಾಯಿಲೆ ಕಡಿಮೆ ಎಚ್‌ಡಿಎಲ್, ಜಾಸ್ತಿ ಟ್ರೈಗ್ಲಿಸರೈಡ್. ಬೀಟಾ ಬ್ಲಾಕರ್ ತಳ್ಳುವುದೂ ಅದೇ ದಿಕ್ಕಿಗೆ. ತೊಂಬತ್ತರ ದಶಕದಲ್ಲಿ ನಾನೂ ಕಣ್ಣು ಮುಚ್ಚಿಕೊಂಡು ಅಟೆನಾಲಾಲ್ ಬರೆದವನೇ, ಅಗ್ಗ, ದಿನಕ್ಕೆ ಒಂದು. ಬ್ರಿಟನ್ನಿನಲ್ಲಿ 2006ರಲ್ಲಿ ಅದನ್ನು ಬಿಪಿಯ ಮೊದಲ ಸಾಲಿನ ಮಾತ್ರೆಯಿಂದ ಕೆಳಗಿಳಿಸಿದರು. ಅದಕ್ಕೆ ಮುಖ್ಯ ಕಾರಣ ಕೊಲೆಸ್ಟ್ರಾಲ್ ಅಲ್ಲ. ಪಾರ್ಶ್ವವಾಯು ತಡೆಯುವುದರಲ್ಲಿ ಅದು ಬೇರೆ ಮಾತ್ರೆಗಳಿಗಿಂತ ಹಿಂದೆ, ಸಕ್ಕರೆ ಕಾಯಿಲೆ ತರುವುದರಲ್ಲಿ ಸ್ವಲ್ಪ ಮುಂದೆ. ಆದರೆ ಹೃದಯಾಘಾತ ಆದವರಿಗೆ, ಹೃದಯ ದುರ್ಬಲವಾದವರಿಗೆ, ಬಡಿತ ತಪ್ಪುವವರಿಗೆ ಬೀಟಾ ಬ್ಲಾಕರ್ ಪ್ರಾಣ ಉಳಿಸುವ ಔಷಧ. ನಿಮಗೆ ಯಾಕೆ ಕೊಟ್ಟಿದ್ದಾರೆ ಅಂತ ಕೇಳಿ ತಿಳಿದುಕೊಳ್ಳದೆ ಅದರ ತಂಟೆಗೆ ಹೋಗಬೇಡಿ.

ಅಮ್ಲೋಡಿಪಿನ್, ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಎನಲಾಪ್ರಿಲ್ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ. ಇವು ಕೊಲೆಸ್ಟ್ರಾಲನ್ನು ಮುಟ್ಟುವುದಿಲ್ಲ. ಇಲ್ಲಿ ಕೂತಿರುವ ಬಹಳ ಜನ ತಗೊಳ್ಳುತ್ತಿರುವುದು ಇವನ್ನೇ ಇರಬೇಕು. ಅಂಥವರು ಈ ಭಾಗದ ಚಿಂತೆ ಬಿಡಬಹುದು.

ಈಗ ಬರೋದು ತಮಾಷೆಯ ಕುಲ, ಆಲ್ಫಾ ಬ್ಲಾಕರ್. ಇವು ಕೊಲೆಸ್ಟ್ರಾಲನ್ನು ಸುಧಾರಿಸುತ್ತವೆ! ಎಲ್‌ಡಿಎಲ್, ಟ್ರೈಗ್ಲಿಸರೈಡ್ ಸ್ವಲ್ಪ ಇಳಿಯುತ್ತವೆ, ಎಚ್‌ಡಿಎಲ್ ಸ್ವಲ್ಪ ಏರುತ್ತದೆ. ಬಿಪಿಯೂ ಇಳಿಯಿತು, ಕೊಲೆಸ್ಟ್ರಾಲೂ ಇಳಿಯಿತು, ಇನ್ನೇನು ಬೇಕು? ಮೇಷ್ಟ್ರ ಅಳಿಯನಿಗೆ ಗೊತ್ತಾಗಿದ್ದರೆ ಇದನ್ನೇ ಬರೆಸಿಕೊಂಡು ಬನ್ನಿ ಅನ್ನುತ್ತಿದ್ದನೋ ಏನೋ. ಆಗಿನ ದೊಡ್ಡ ದೊಡ್ಡ ಡಾಕ್ಟರುಗಳೂ ಹಾಗೇ ಯೋಚಿಸಿದ್ದರು.

1994ರಲ್ಲಿ ಅಮೆರಿಕ, ಕೆನಡಾ ಕಡೆ ಆಲ್‌ಹ್ಯಾಟ್ ಅನ್ನುವ ಪ್ರಯೋಗ ಶುರುವಾಯಿತು. ಐವತ್ತೈದು ದಾಟಿದ, ಬಿಪಿ ಜೊತೆಗೆ ಹೃದಯಕ್ಕೆ ಇನ್ನೊಂದಾದರೂ ಅಪಾಯ ಇರುವ 42,418 ಜನ. ನಾಲ್ಕು ಗುಂಪು. ಒಂದಕ್ಕೆ ಹಳೆಯ, ಅಗ್ಗದ, ಕೊಲೆಸ್ಟ್ರಾಲ್ ಏರಿಸುತ್ತದೆ ಅಂತ ಹೆಸರು ಕೆಡಿಸಿಕೊಂಡಿದ್ದ ಕ್ಲೋರ್‌ಥಾಲಿಡೋನ್. ಒಂದಕ್ಕೆ ಅಮ್ಲೋಡಿಪಿನ್, ಒಂದಕ್ಕೆ ಲಿಸಿನೊಪ್ರಿಲ್, ಇನ್ನೊಂದಕ್ಕೆ ಡಾಕ್ಸಜೋಸಿನ್. ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚಿದರು.

2000ದ ಶುರುವಿನಲ್ಲಿ ಡಾಕ್ಸಜೋಸಿನ್ ಗುಂಪನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಆ ಗುಂಪಿನಲ್ಲಿ ಹೃದಯ ವೈಫಲ್ಯ, ಅಂದರೆ ಕಾಲು ಊದಿ, ಉಸಿರು ಕಟ್ಟಿ ಆಸ್ಪತ್ರೆ ಸೇರುವುದು, ಕ್ಲೋರ್‌ಥಾಲಿಡೋನ್ ಗುಂಪಿನ ಎರಡರಷ್ಟಿತ್ತು. ಪಾರ್ಶ್ವವಾಯುವೂ ಜಾಸ್ತಿ. ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿ ಕಾಣುತ್ತಿತ್ತು, ಜನ ಮಾತ್ರ ಆಸ್ಪತ್ರೆಯಲ್ಲಿದ್ದರು.

ಉಳಿದ ಮೂರು ಗುಂಪುಗಳ, ಒಟ್ಟು 33,357 ಜನರ ಫಲಿತಾಂಶ 2002ರ ಡಿಸೆಂಬರಿನಲ್ಲಿ ಬಂತು. ನಾಲ್ಕು ವರ್ಷದ ನಂತರ ನೀರಿನ ಮಾತ್ರೆಯವರ ಕೊಲೆಸ್ಟ್ರಾಲ್ ಉಳಿದವರಿಗಿಂತ ಸರಾಸರಿ ಸುಮಾರು ಎರಡು ಮಿಲಿಗ್ರಾಂ ಜಾಸ್ತಿ ಇತ್ತು. ಇವರದು 197, ಅವರದು 195, ಅಷ್ಟೇ. ಹೃದಯಾಘಾತದಲ್ಲಿ ಮೂರು ಗುಂಪಿಗೂ ವ್ಯತ್ಯಾಸ ಇಲ್ಲ. ಹೃದಯ ವೈಫಲ್ಯ ತಡೆಯುವುದರಲ್ಲಂತೂ ನೀರಿನ ಮಾತ್ರೆಯೇ ಮುಂದೆ. ನನ್ನ ವೃತ್ತಿಯಲ್ಲಿ ನನ್ನ ಅಹಂಕಾರಕ್ಕೆ ಇಷ್ಟು ಪೆಟ್ಟು ಕೊಟ್ಟ ಪ್ರಯೋಗ ಇನ್ನೊಂದಿಲ್ಲ. ಕೊಲೆಸ್ಟ್ರಾಲಿಗೆ ಒಳ್ಳೆಯದು ಅಂತ ನಾನೂ ಕೆಲವರಿಗೆ ಪ್ರಜೋಸಿನ್ ಬರೆದಿದ್ದೆ.

ಗಂಡಸರಿಗೆ ಒಂದು ಮಾತು. ಪ್ರಾಸ್ಟೇಟಿಗೆ ಅಂತ ಟ್ಯಾಮ್ಸುಲೋಸಿನ್ ತಗೊಳ್ಳುವವರು ಇಲ್ಲಿ ಇರುತ್ತೀರಿ. ಅದೂ ಇದೇ ಕುಲದ್ದು, ಆದರೆ ಕೆಲಸ ಮಾಡುವುದು ಮುಖ್ಯವಾಗಿ ಮೂತ್ರದ ದಾರಿಯಲ್ಲಿ. ಈ ಕಥೆ ಕೇಳಿ ಅದನ್ನು ಬಿಟ್ಟು ರಾತ್ರಿಯೆಲ್ಲ ಬಚ್ಚಲಿಗೆ ಓಡಾಡಬೇಡಿ. ಮಲಗಿದ್ದವರು ಥಟ್ಟನೆ ಏಳಬಾರದು, ತಲೆ ತಿರುಗಿ ಬೀಳುತ್ತೀರಿ, ಅಷ್ಟು ಜಾಗ್ರತೆ ಸಾಕು.

ನಮ್ಮ ಬೆಂಗಳೂರಿನ ಒಂದು ಪ್ರಯೋಗವನ್ನೂ ಹೇಳಬೇಕು. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಮುಂದೆ ನಿಂತು, ಅಲ್ಲೇ ಓದಿ ಕೆನಡಾದಲ್ಲಿ ದೊಡ್ಡ ಹೆಸರು ಮಾಡಿದ ಹೃದಯತಜ್ಞ ಸಲೀಂ ಯೂಸುಫ್ ಜೊತೆ ಸೇರಿ ನಡೆಸಿದ್ದು. 2009ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪಾಲಿಕ್ಯಾಪ್ ಅನ್ನುವ ಒಂದೇ ಕ್ಯಾಪ್ಸೂಲಿನಲ್ಲಿ ಐದು ಔಷಧ: ಹೈಡ್ರೋಕ್ಲೋರೋಥಯಾಜೈಡ್ 12.5, ಅಟೆನಾಲಾಲ್ 50, ರಾಮಿಪ್ರಿಲ್ 5, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಕುಲದ ಸಿಮ್ವಾಸ್ಟಾಟಿನ್ 20, ಆಸ್ಪಿರಿನ್ 100. ದೇಶದ 50 ಕೇಂದ್ರಗಳಲ್ಲಿ 2,053 ಜನ, ಹನ್ನೆರಡು ವಾರ. ಸಿಮ್ವಾಸ್ಟಾಟಿನ್ ಒಂದನ್ನೇ ತಗೊಂಡವರಲ್ಲಿ ಎಲ್‌ಡಿಎಲ್ ಸುಮಾರು 32 ಮಿಲಿಗ್ರಾಂ ಇಳಿಯಿತು. ಐದೂ ಸೇರಿದ ಕ್ಯಾಪ್ಸೂಲ್ ತಗೊಂಡವರಲ್ಲಿ ಸುಮಾರು 27. ಐದು ಮಿಲಿಗ್ರಾಂ ಎಲ್ಲಿ ಸೋರಿತು? ಒಳಗಿದ್ದ ನೀರಿನ ಮಾತ್ರೆ, ಅಟೆನಾಲಾಲ್ ಸ್ವಲ್ಪ ಎಳೆದಿರಬೇಕು ಅನ್ನೋದು ನನ್ನ ಊಹೆ. ಮೇಷ್ಟ್ರು ತಗೊಳ್ಳುತ್ತಿದ್ದದ್ದೂ ಅದೇ ಜೋಡಿ. ಆದರೆ ಸ್ಟಾಟಿನ್ ಇಳಿಸುವುದು 30ರ ಆಸುಪಾಸು, ಬಿಪಿ ಮಾತ್ರೆ ಎಳೆಯುವುದು ಐದು. ಆ ಅಳತೆ ತಲೆಯಲ್ಲಿ ಇರಲಿ.

ಹಾಗಾಗಿ ಕೊಲೆಸ್ಟ್ರಾಲಿನ ಕೆಲಸವನ್ನು ಕೊಲೆಸ್ಟ್ರಾಲಿನ ಮಾತ್ರೆಗೆ ಬಿಡಿ. ಆಸ್ಕಾಟ್ ಅನ್ನುವ ಪ್ರಯೋಗ ಬ್ರಿಟನ್, ಐರ್ಲೆಂಡ್, ಸ್ವೀಡನ್ ಕಡೆ ನಡೆಯಿತು. ಬಿಪಿ ಇದ್ದು, ಜೊತೆಗೆ ಹೃದಯಕ್ಕೆ ಇನ್ನೂ ಮೂರು ಅಪಾಯಗಳಾದರೂ ಇದ್ದ, ಆದರೆ ಕೊಲೆಸ್ಟ್ರಾಲ್ 250 ದಾಟದ ಜನ. ಅರ್ಧ ಜನಕ್ಕೆ ಅಟೋರ್ವಾಸ್ಟಾಟಿನ್ 10, ಅರ್ಧ ಜನಕ್ಕೆ ಸುಮ್ನೆ ಖಾಲಿ ಮಾತ್ರೆ. ಐದು ವರ್ಷ ನಡೆಯಬೇಕಿತ್ತು, ಮೂರು ವರ್ಷ ದಾಟುತ್ತಿದ್ದಂತೆ ನಿಲ್ಲಿಸಿದರು, ಫಲಿತಾಂಶ ಅಷ್ಟು ಸ್ಪಷ್ಟ. ಖಾಲಿ ಮಾತ್ರೆಯ 5,137 ಜನರಲ್ಲಿ 154 ಜನಕ್ಕೆ ಹೃದಯಾಘಾತ ಅಥವಾ ಹೃದಯದ ಸಾವು, ಸ್ಟಾಟಿನ್ ತಗೊಂಡ 5,168 ಜನರಲ್ಲಿ 100. ನೂರಕ್ಕೆ 36 ಭಾಗ ಕಡಿಮೆ ಅಂತ ಪೇಪರಿನಲ್ಲಿ ಬಂತು. ಇನ್ನೊಂದು ರೀತಿ ಹೇಳಿದರೆ ನೂರು ಜನರಲ್ಲಿ ಮೂವರಿಗೆ ಆಗುವುದು ಇಬ್ಬರಿಗೆ ಆಯಿತು. ಎರಡೂ ನಿಜ. ಎರಡನೆಯದನ್ನು ಹೇಳಿದರೆ ಮಾತ್ರೆ ಮಾರಾಟ ಆಗಲ್ಲ, ಅಷ್ಟೇ.

ಸ್ಟಾಟಿನ್ ಜೊತೆ ಒಂದು ಎಚ್ಚರ ಇದೆ. ಇಲ್ಲಿ ಬಿಪಿ ಮಾತ್ರೆ ಕೊಲೆಸ್ಟ್ರಾಲನ್ನಲ್ಲ, ಕೊಲೆಸ್ಟ್ರಾಲಿನ ಮಾತ್ರೆಯನ್ನು ಮುಟ್ಟುತ್ತದೆ. ಸಿಮ್ವಾಸ್ಟಾಟಿನ್ ಜೊತೆ ಅಮ್ಲೋಡಿಪಿನ್ ತಗೊಂಡರೆ ಸಿಮ್ವಾಸ್ಟಾಟಿನ್ ರಕ್ತದಲ್ಲಿ ಜಾಸ್ತಿ ಉಳಿದುಕೊಳ್ಳುತ್ತದೆ. ಲಿವರ್‌ನಲ್ಲಿ ಎರಡನ್ನೂ ಕರಗಿಸುವ ಬಾಗಿಲು ಒಂದೇ. ಅಮೆರಿಕದ ಔಷಧ ಇಲಾಖೆ 2011ರಲ್ಲಿ ಮಿತಿ ಹಾಕಿತು: ಅಮ್ಲೋಡಿಪಿನ್ ಇದ್ದರೆ ಸಿಮ್ವಾಸ್ಟಾಟಿನ್ 20 ದಾಟಬಾರದು, ಡಿಲ್ಟಿಯಾಜೆಮ್ ಅಥವಾ ವೆರಪಮಿಲ್ ಅನ್ನುವ ಬಿಪಿ ಮಾತ್ರೆ ಇದ್ದರೆ 10. ಇಲ್ಲದಿದ್ದರೆ ಮಾಂಸಖಂಡಕ್ಕೆ ಪೆಟ್ಟು. ಈಗ ನಮ್ಮ ಕಡೆ ಜಾಸ್ತಿ ಬರೆಯುವುದು ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್. ಅಮ್ಲೋಡಿಪಿನ್ ಜೊತೆ ಇವು ಹೊಂದಿಕೊಂಡು ಹೋಗುತ್ತವೆ. ಮೈಕೈ ವಿಪರೀತ ನೋವು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಓಡಿ.

ಬೆಳ್ಳುಳ್ಳಿ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ತಿನ್ನಿ, ಸಾರಿಗೆ ಒಗ್ಗರಣೆ ಹಾಕಿ, ಮಾತ್ರೆಯ ಬದಲಿಗೆ ಬೇಡ. ಉಪ್ಪಿನ ಬಗ್ಗೆ ಯಾರೂ ಚೀಟಿ ಕಳಿಸಿಲ್ಲ ನೋಡಿ! ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಐದು ಗ್ರಾಂ ಒಳಗೆ ಅನ್ನುತ್ತದೆ, ಒಂದು ಟೀ ಚಮಚಕ್ಕಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲ ಸೇರಿ. ಉಪ್ಪು ಇಳಿಸಿದರೆ ಮಾತ್ರೆ ಕಡಿಮೆ ಪ್ರಮಾಣದಲ್ಲೇ ಸಾಕಾಗಬಹುದು, ಪ್ರಮಾಣ ಕಡಿಮೆಯಾದರೆ ಅಡ್ಡ ಪರಿಣಾಮವೂ ಕಡಿಮೆ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಎಣ್ಣೆಗಿಂತ ಮೊದಲು ತಟ್ಟೆಯ ಅನ್ನದ ಗುಡ್ಡ, ಸಂಜೆಯ ಬೇಕರಿ, ಸಕ್ಕರೆ, ಮತ್ತೆ ಕೆಲವರ ಗ್ಲಾಸು, ಇವುಗಳ ಕಡೆ ನೋಡಿ.

ನಿಜ ಹೇಳಬೇಕೆಂದರೆ, ನೀರಿನ ಮಾತ್ರೆ ತಗೊಳ್ಳುವ ಹಿರಿಯರಲ್ಲಿ ನನಗೆ ಕೊಲೆಸ್ಟ್ರಾಲಿನ ಭಯ ಇಲ್ಲ, ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, ತೀರಾ ಇಳಿಯುವ ಭಯ ಇದೆ. ಮನೆಯವರು ಬಂದು "ಎರಡು ದಿನದಿಂದ ಅಮ್ಮ ಏನೇನೋ ಮಾತಾಡ್ತಿದಾರೆ, ನಡೆಯುವಾಗ ತೂಗಾಡ್ತಾರೆ" ಅಂದರೆ ವಯಸ್ಸಾಯಿತು ಅಂತ ಸುಮ್ಮನಾಗಬೇಡಿ. ಸೋಡಿಯಂ ಇಳಿದಿರಬಹುದು. ವಾಂತಿ ಭೇದಿ ಆದಾಗಲಂತೂ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ, ಆ ಮಾತ್ರೆ ಮುಂದುವರಿಸಬೇಕಾ ಅಂತ ಕೇಳಿ. ಕೊಲೆಸ್ಟ್ರಾಲ್ ಪರೀಕ್ಷೆಗೆ ಸಾವಿರ ಖರ್ಚು ಮಾಡುವವರು ಸೋಡಿಯಂ, ಪೊಟ್ಯಾಸಿಯಂ ನೋಡಿಸಿಯೇ ಇರುವುದಿಲ್ಲ.

ಮೇಷ್ಟ್ರಿಗೆ ಏನು ಮಾಡಿದೆ ಅಂತ ಕೇಳ್ತಿದ್ದೀರಾ? ಅವರಿಗೆ ಹೃದಯಾಘಾತ ಆಗಿರಲಿಲ್ಲ, ಸಕ್ಕರೆ ಅಂಚಿನಲ್ಲಿತ್ತು, ತಂದೆ ಐವತ್ತೆರಡಕ್ಕೇ ಹೃದಯದಿಂದ ತೀರಿಕೊಂಡಿದ್ದರು. ಅಟೆನಾಲಾಲನ್ನು ಮೂರು ವಾರದಲ್ಲಿ ನಿಧಾನವಾಗಿ ಇಳಿಸಿ ಬಿಡಿಸಿ, ಟೆಲ್ಮಿಸಾರ್ಟಾನ್, ಅಮ್ಲೋಡಿಪಿನ್ ಕೊಟ್ಟೆ. ಅಟೋರ್ವಾಸ್ಟಾಟಿನ್ 10 ಸೇರಿಸಿದೆ. ಮೂರು ತಿಂಗಳಿಗೆ ಒಟ್ಟು 151, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 140. ಎಲ್‌ಡಿಎಲ್ ಎಷ್ಟು ಅಂತ ನಾನು ಹೇಳುವ ಮೊದಲೇ ಮೇಷ್ಟ್ರು ಬಾಯಲ್ಲೇ ಲೆಕ್ಕ ಹಾಕಿ 85 ಅಂದರು. ಅಳಿಯ ಪಕ್ಕದಲ್ಲೇ ಇದ್ದ, "ನೋಡಿ ಮಾವ, ಬಿಪಿ ಮಾತ್ರೆ ಬದಲಾಯಿಸಿದ್ದಕ್ಕೆ ಹೇಗೆ ಇಳಿಯಿತು" ಅಂದ. ಟ್ರೈಗ್ಲಿಸರೈಡಿನಲ್ಲಿ ಒಂದು ಪಾಲು ಅದರದ್ದಿರಬಹುದು. ಎಲ್‌ಡಿಎಲ್ ಇಳಿಸಿದ್ದು ಸ್ಟಾಟಿನ್. ನಾನು ವಾದ ಮಾಡಲಿಲ್ಲ, ಹುಡುಗ ಮಾವನನ್ನು ಕರೆದುಕೊಂಡು ಬಂದಿದ್ದನಲ್ಲ, ಸಾಕು.

ಈಗ ಸ್ಟ್ರಿಪ್ ತಂದವರು ಒಬ್ಬೊಬ್ಬರಾಗಿ ಮುಂದೆ ಬನ್ನಿ, ಬಾಲ ಓದೋಣ. ಹೆಸರಿರುವ ತುದಿಯನ್ನೇ ಕತ್ತರಿಸಿಕೊಂಡು ಬಂದವರು ಇದ್ದರೆ, ಮುಂದಿನ ಸಲ ಮೆಡಿಕಲ್ ಸ್ಟೋರಿನವನಿಗೆ ಆ ತುದಿ ನನಗೇ ಬೇಕು ಅಂತ ಹೇಳಿ. ಅಮ್ಮ, ನಿಮ್ಮದು ಮೊದಲು ಕೊಡಿ.